ರಾಯದುರ್ಗದ ಹಲ್ಲಿಗೆ ಯಾವ ಬಣ್ಣ?

ಬಾಯಿ ತೆರೆದು ಕೂತವರು ಮಾತಾಡಲಾರರು, ಹಾಗಾಗಿ ಹಲ್ಲಿನ ಡಾಕ್ಟರ ಕೆಲಸ ಬಹಳ ಶಾಂತವಾದದ್ದು ಎಂದು ನಂಬಿಕೊಂಡು ಈ ಓದಿಗೆ ಸೇರಿದವಳು ನಾನು. ರಾಯದುರ್ಗದಲ್ಲಿ ಕ್ಲಿನಿಕ್ ತೆರೆದ ಮೊದಲ ವಾರವೇ ಭ್ರಮೆ ಹರಿಯಿತು. ಇಲ್ಲಿಯ ಜನ ಬಾಯೊಳಗೆ ನನ್ನ ಎರಡು ಬೆರಳು, ಒಂದು ಕನ್ನಡಿ, ಒಂದು ಹತ್ತಿಯುಂಡೆ ಇದ್ದರೂ ಹೇಳಬೇಕಾದ್ದನ್ನು ಹೇಳಿಯೇ ತೀರುತ್ತಾರೆ. ಅದರಲ್ಲೂ ಹಲ್ಲಿನ ಬಣ್ಣದ ವಿಷಯ ಬಂದರೆ ವಾರಕ್ಕೊಂದು ಪ್ರಸಂಗ ಆಗದೆ ಹೋಗುವುದಿಲ್ಲ.

ನನ್ನ ಹುಟ್ಟೂರು ಮಡಕಶಿರಾ ಕಡೆ. ವಾರದಲ್ಲಿ ಐದು ದಿನ ರಾಯದುರ್ಗ. ಶನಿವಾರ, ಭಾನುವಾರ ಮಡಕಶಿರಾದಲ್ಲಿ ಒಂದು ಕೋಣೆ, ಒಂದು ಕುರ್ಚಿ. ನಾನು ಹೇಳುತ್ತಿರುವುದು ರಾಯದುರ್ಗದ ಗಲ್ಲಿ ಗಲ್ಲಿಯಲ್ಲೂ ಜೀನ್ಸ್ ಹೊಲಿಯುವ ಮಿಷನ್ನಿನ ಸದ್ದು ಕೇಳುತ್ತಿದ್ದ, ಮಡಕಶಿರಾ ಕಡೆಯ ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಕೆಲಸಕ್ಕೆಂದು ಬೆಂಗಳೂರಿನ ಬಸ್ಸು ಹತ್ತುತ್ತಿದ್ದ ವರ್ಷಗಳ ಮಾತು.

ಕೆಂಪು ಬಾಣ

ಒಂದು ಜೀನ್ಸ್ ಯೂನಿಟ್ಟಿನ ಕಟಿಂಗ್ ಮಾಸ್ಟರು ನನ್ನ ಬಳಿ ಬಂದರು. ಪ್ಯಾಂಟಿನ ತಾಮ್ರದ ಗುಂಡಿ ಗಟ್ಟಿಯಾಗಿದೆಯೋ ಇಲ್ಲವೋ ನೋಡೋಣವೆಂದು ಮುಂದಿನ ಹಲ್ಲಲ್ಲಿ ಕಚ್ಚಿ ಎಳೆದಿದ್ದಾರೆ. ಗುಂಡಿ ಗಟ್ಟಿಯಾಗಿತ್ತು.

ಮುರಿದ ಹಲ್ಲಿನ ಮೇಲೆ ಕ್ಯಾಪ್ ಕೂರಿಸಬೇಕು. ಕ್ಯಾಪಿನ ಬಣ್ಣ ಪಕ್ಕದ ಹಲ್ಲಿಗೆ ಹೊಂದಬೇಕು. ಅದಕ್ಕೆ ನನ್ನ ಹತ್ತಿರ ಆಗ ಇದ್ದದ್ದು ಒಂದು ಪಟ್ಟಿ. ಬೇರೆ ಬೇರೆ ಬಣ್ಣದ ನಕಲಿ ಹಲ್ಲುಗಳನ್ನು ಸಾಲಾಗಿ ಸಿಕ್ಕಿಸಿ, ಪ್ರತಿಯೊಂದಕ್ಕೂ ಒಂದು ಅಕ್ಷರ, ಒಂದು ಅಂಕೆ ಬರೆದಿರುತ್ತಾರೆ. ಅದನ್ನು ತುಟಿಯ ಹತ್ತಿರ ಹಿಡಿದು, ಕಣ್ಣಂದಾಜಿನಲ್ಲಿ ಒಂದನ್ನು ಆರಿಸಿ ಬಳ್ಳಾರಿಯ ಲ್ಯಾಬಿಗೆ ಬರೆದು ಕಳಿಸಿದೆ. ಕ್ಯಾಪ್ ಬಂತು, ಕೂರಿಸಿದೆ. ಕನ್ನಡಿಯಲ್ಲಿ ನೋಡಿಕೊಂಡು ಮಾಸ್ಟರು, "ಚಲೋ ಆತ್ರಿ" ಅಂದರು. ನಾನೂ ಹಿಗ್ಗಿದೆ.

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮೊದಲೇ ಅವರು ಮೆಟ್ಟಿಲ ಮೇಲೆ ಕೂತಿದ್ದರು.

"ಡಾಕ್ಟ್ರೇ, ನಿಮ್ಮ ಟ್ಯೂಬ್‌ಲೈಟ್‌ನ್ಯಾಗ ಒಂದ್ ಕಲರ್, ಬಿಸಿಲಾಗ ಇನ್ನೊಂದ್ ಕಲರ್ ಬರಾಕತ್ತೈತಿ. ಇಂಥ ಪ್ಯಾಂಟ್ ನಮ್ಮ ಯೂನಿಟ್‌ನ್ಯಾಗ ಹೊರಗ ಬಿಡಂಗಿಲ್ರಿ."

ಬೀದಿಗೆ ಕರೆದುಕೊಂಡು ಹೋಗಿ ನೋಡಿದೆ. ಮನುಷ್ಯ ಹೇಳಿದ್ದು ನಿಜ. ಬಿಸಿಲಿಗೆ ಆ ಒಂದು ಹಲ್ಲು ಹೊಸದಾಗಿ ಸುಣ್ಣ ಹೊಡೆದ ಗೋಡೆಯ ಹಾಗೆ ಹೊಳೆಯುತ್ತಿತ್ತು. ಆಗಲೇ ಕಣ್ಣಿಗೆ ಬಿದ್ದದ್ದು, ಅವರ ಮೇಲ್ದುಟಿಯ ಮೇಲೆ ಒಂದು ಪುಟ್ಟ ಕೆಂಪು ಬಾಣದ ಸ್ಟಿಕ್ಕರ್. ಬಾಣದ ಮೊನೆ ಸರಿಯಾಗಿ ನನ್ನ ಕ್ಯಾಪಿನ ಕಡೆಗೇ ತಿರುಗಿತ್ತು.

"ಇದೇನು ಮಾಸ್ಟ್ರೇ?"

"ನಮ್ಮ ಚೆಕಿಂಗ್ ಹೆಣ್ಮಕ್ಳು ಪ್ಯಾಂಟಿಗೆ ಹಚ್ಚಿದಂಗ ಹಚ್ಯಾರ್ರಿ. ಡಿಫೆಕ್ಟ್ ಎಲ್ಲೈತಿ ಅಂತ ಹುಡುಕಾಕ ಡಾಕ್ಟ್ರಿಗೆ ತ್ರಾಸ ಆಗಬಾರದು ಅಂತ."

ಪಾಸೋ, ಫೇಲೋ

ಆ ಬಾಣ ನನ್ನ ಎದೆಗೇ ನಾಟಿತು. ಮಾಸ್ಟರು ದಿನಾ ಇಡೀ ಯೂನಿಟ್ಟಿನ ಕಣ್ಣಿಗೆ ಬೀಳುವವರು. ಆ ಹಲ್ಲು ಹಾಗೇ ಉಳಿದರೆ ಊರವರೆಲ್ಲ ಹಲ್ಲು ತೋರಿಸಲು ಬಳ್ಳಾರಿಯ ರೈಲು ಹತ್ತುತ್ತಾರೆ. ಏನಾದರಾಗಲಿ, ಬಣ್ಣ ಹೊಂದಿಸಿಯೇ ಬಿಡಬೇಕು ಎಂದು ಹಟ ಹಿಡಿದೆ. ಸ್ಕೂಟರ್ ಬದಲಿಸೋಣ ಎನ್ನುತ್ತಿದ್ದ ನನ್ನ ಯಜಮಾನರನ್ನು ಸುಮ್ಮನಾಗಿಸಿ, ಬಣ್ಣ ಅಳೆಯುವ ಯಂತ್ರ ತರಿಸಿದೆ.

ನೋಡಲು ದಪ್ಪ ಪೆನ್ನಿನ ಹಾಗಿತ್ತು. ತುದಿಯನ್ನು ಹಲ್ಲಿಗೆ ತಾಗಿಸಿದರೆ ಬೀಪ್ ಎನ್ನುತ್ತದೆ, ಕಂಪ್ಯೂಟರಿನ ಪರದೆಯ ಮೇಲೆ ಆ ಬಣ್ಣದ ಅಕ್ಷರ, ಅಂಕೆ ಮೂಡುತ್ತವೆ. ಅಂಕೆ ದೊಡ್ಡದಾದಷ್ಟೂ ಹಲ್ಲಿನ ಬಣ್ಣ ಗಾಢ. ಹೇಳಿಕೊಡಲು ಹೈದರಾಬಾದಿನಿಂದ ಬಂದಿದ್ದ ಹುಡುಗ, "ಮೇಡಂಗಾರೂ, ಇದು ತನ್ನ ಬೆಳಕು ತಾನೇ ಬಿಡುತ್ತೆ. ಟ್ಯೂಬ್‌ಲೈಟು, ಬಿಸಿಲು ಅಂತ ತಲೆ ಕೆಡಿಸ್ಕೋಬೇಡಿ" ಎಂದು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಧೈರ್ಯ ಹೇಳಿ ಹೋದ.

ನಾನು ಮಾಡಿದ ತಪ್ಪೆಂದರೆ ಕಂಪ್ಯೂಟರನ್ನು ಹೊರಗಿನ ಬೆಂಚಿಗೆ ಕಾಣುವ ಹಾಗೆ ಇಟ್ಟದ್ದು. ಯೂನಿಟ್ಟುಗಳಿಗೆ ರಜೆ ಇದ್ದ ಒಂದು ದಿನ ಬೆಂಚಿನ ಮೇಲೆ ಕೂತಿದ್ದವರೆಲ್ಲ ಎದ್ದು ಸಾಲು ನಿಂತರು. ಹಲ್ಲು ನೋವಿಲ್ಲದವರೂ ನಿಂತರು.

"ನನಗ ಎ-ಟು ಬಂತು. ನಿನಗ?"

"ಎ-ತ್ರೀ. ಇದು ಪಾಸೋ, ಫೇಲೋ?"

ಆ ಸಾಲಿನಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಸೊಸೆ ಜೀನ್ಸಿಗೆ ಜೇಬು ಹೊಲಿಯುವವಳು. ಅವಳಿಗೆ ಎ-ಮೂರೂವರೆ ಬಂತು. ಅತ್ತೆಗೆ ಎ-ಒನ್.

"ಎ-ಒನ್ ಅಂದ್ರ ಫಸ್ಟ್ ಕ್ಲಾಸ್ ಅಲ್ಲೇನ್ರಿ?" ಅತ್ತೆ ಇಡೀ ಬೆಂಚಿಗೆ ಕೇಳುವ ಹಾಗೆ ಕೇಳಿದರು. "ನಾ ದಿನಾ ಬಡಕಂತೀನಿ, ನೆಟ್ಟಗ ಹಲ್ಲು ತಿಕ್ಕವ್ವ ಅಂತ. ಕೇಳಿದ್ರ ತಾನೇ! ಈಗ ಕಂಪ್ಯೂಟರೇ ಹೇಳೇತಿ ನೋಡು."

ಸೊಸೆಯ ಕಣ್ಣಲ್ಲಿ ನೀರು ಬಂತು. ನನಗೆ ಏನೋ ಅನುಮಾನ. ಹಳೆಯ ರಿಜಿಸ್ಟರ್ ತೆಗೆದು ನೋಡಿದರೆ, ಅತ್ತೆಯ ಬಾಯಲ್ಲಿದ್ದದ್ದು ಹಿಂದಿನ ವರ್ಷ ನಾನೇ ಮಾಡಿಕೊಟ್ಟಿದ್ದ ಹಲ್ಲಿನ ಸೆಟ್ಟು! ಮೇಲೂ ಕೆಳಗೂ ಒಂದೇ ಒಂದು ಸ್ವಂತ ಹಲ್ಲಿಲ್ಲ. ಸೊಸೆಯ ಮುಖ ನೋಡಲಾರದೆ ಅದನ್ನು ಹೇಳಿಯೂ ಬಿಟ್ಟೆ.

ಅತ್ತೆ ಒಂದಿಷ್ಟೂ ಅಳುಕಲಿಲ್ಲ. "ಆದ್ರೇನಾತ್ರಿ? ಆಕೀಗೆ ದೇವ್ರು ಕೊಟ್ಟಾನ, ನಾ ಕುಂತು ಆರಿಸಿ ತಗಂಡೀನಿ. ಯಾರ ಸೆಲೆಕ್ಷನ್ ಚಲೋ ಐತಿ, ನೀವ ಹೇಳ್ರಿ!"

ನೀಲಿ ಹಲ್ಲು

ಕಂಪ್ಯೂಟರನ್ನು ಒಳಗಿಟ್ಟು, ಮಾಸ್ಟರನ್ನು ಕರೆಸಿದೆ. ಹಳೆಯ ಕ್ಯಾಪ್ ತೆಗೆದು, ಪಕ್ಕದ ಹಲ್ಲಿಗೆ ಯಂತ್ರ ಹಿಡಿದೆ. ಮೊದಲ ಸಲ ಒಂದು ಅಂಕೆ ತೋರಿಸಿತು. ಎರಡನೆಯ ಸಲ ಬೇರೆ ಅಕ್ಷರವನ್ನೇ ತೋರಿಸಿತು. ಮೂರನೆಯ ಸಲ ಬೀಪ್ ಎಂದು, ಬಣ್ಣ ಸಿಗಲಿಲ್ಲ ಎನ್ನುವ ಹಾಗೆ ಪರದೆಯ ಮೇಲೆ ಬರೀ ಅಡ್ಡಗೆರೆ ಎಳೆಯಿತು.

"ಯಾಕ್ರಿ, ನನ್ನ ಹಲ್ಲು ಔಟ್ ಆಫ್ ಸ್ಟಾಕ್ ಏನ್ರಿ?" ಅಂದರು ಮಾಸ್ಟರು.

ಹಲ್ಲಿನ ಒಂದು ಫೋಟೋ ತೆಗೆದು ಬಳ್ಳಾರಿಯ ಲ್ಯಾಬಿಗೆ ಕಳಿಸಿದೆ. ಲ್ಯಾಬಿನ ಟೆಕ್ನಿಷಿಯನ್ ಐದೇ ನಿಮಿಷದಲ್ಲಿ ಫೋನ್ ಮಾಡಿದರು. "ಮೇಡಮ್ಮಾರೆ, ಫೋಟೋದಾಗ ಹಲ್ಲು ನೀಲಿ ಕಾಣಾಕತ್ತೈತಿ. ನೀಲಿ ಕ್ಯಾಪ್ ಮಾಡಾಕ ಬರಂಗಿಲ್ರಿ, ಮೊದಲ ಹೇಳ್ತೀನಿ."

ನನಗೆ ಸಹಾಯಕಿಯಾಗಿ ಒಬ್ಬ ಅಕ್ಕ ಇದ್ದಾರೆ. ನನ್ನಲ್ಲಿಗೆ ಬರುವ ಮೊದಲು ಜೀನ್ಸ್ ಯೂನಿಟ್ಟಿನಲ್ಲಿ ಕತ್ತರಿಸಿದ ಬಟ್ಟೆಯನ್ನು ಬಣ್ಣ ನೋಡಿ ಬೇರೆ ಮಾಡುವ ಕೆಲಸದಲ್ಲಿದ್ದವರು. ಒಂದು ಕಾಲಿಗೂ ಇನ್ನೊಂದು ಕಾಲಿಗೂ ಎಳೆಯಷ್ಟು ಬಣ್ಣ ವ್ಯತ್ಯಾಸವಿದ್ದರೂ ಹಿಡಿಯುತ್ತಿದ್ದವರು. ಅವರು ಬಗ್ಗಿ, ಮಾಸ್ಟರ ಬಾಯಿ ನೋಡಿ, "ಇದು ಹಲ್ಲಿನ ಬಣ್ಣಲ್ರಿ. ಜೀನ್ಸ್ ದಾರದ ಬಣ್ಣ. ದಿನಾ ಬಾಯಾಗ ಕಚ್ಚಿ ಹಿಡೀತಾರ, ಅಂಟೇತಿ" ಅಂದರು.

ಹಲ್ಲು ಪೂರ್ತಿ ಸ್ವಚ್ಛ ಮಾಡಿ, ತಾತ್ಕಾಲಿಕ ಕ್ಯಾಪ್ ಹಾಕಿ, ಎಂಟು ದಿನ ಬಾಯಲ್ಲಿ ದಾರ ಹಿಡಿಯಬಾರದೆಂದು ಮಾಸ್ಟರಿಗೆ ಕಟ್ಟುನಿಟ್ಟು ಮಾಡಿದೆ. ಐದನೆಯ ದಿನ ಚೆಕಿಂಗ್ ಹೆಣ್ಣುಮಕ್ಕಳು ನಾಲ್ವರು ಕ್ಲಿನಿಕ್ಕಿಗೆ ಬಂದರು.

"ಡಾಕ್ಟ್ರಮ್ಮ, ಲಗೂನ ಆ ಕ್ಯಾಪ್ ಹಾಕಿ ಮುಗಸ್ರಿ. ಮೊದಲ ಮಾಸ್ಟರ್ ಬಾಯಾಗ ದಾರ ಇರ್ತಿತ್ತು, ಸಿಟ್ಟು ಬಂದ್ರ ಹ್ಞೂಂ ಅಂತಿದ್ರು, ಅಷ್ಟ. ಈಗ ಬಾಯಿ ಖಾಲಿ. ಮುಂಜಾನಿಂದ ಸಂಜಿತನ ಬರೇ ಬೈಗುಳ!"

ಎಂಟನೆಯ ದಿನ ಯಂತ್ರ ಮೂರು ಸಲ ಹಿಡಿದರೂ ಮೂರು ಸಲವೂ ಒಂದೇ ಉತ್ತರ ಕೊಟ್ಟಿತು. ಕ್ಯಾಪ್ ಬಂತು. ಈ ಸಲ ಕೂರಿಸಿದ ಕೂಡಲೇ ನಾನೇ ಮಾಸ್ಟರನ್ನು ಬಿಸಿಲಿಗೆ ಎಳೆದುಕೊಂಡು ಹೋಗಿ ನೋಡಿದೆ. ಅಕ್ಕನೂ ನೋಡಿದರು. ಸರಿಯಿತ್ತು. ಆದರೆ ಮಾಸ್ಟರಿಗೆ ನಮ್ಮಿಬ್ಬರ ಮಾತು ಸಾಲದು. ನನ್ನನ್ನು ಯೂನಿಟ್ಟಿಗೇ ಕರೆದುಕೊಂಡು ಹೋಗಿ, ಚೆಕಿಂಗ್ ಟೇಬಲ್ಲಿನ ದೊಡ್ಡ ಲೈಟಿನ ಕೆಳಗೆ ಬಾಯಿ ತೆರೆದು ನಿಂತರು. "ಹೇಳ್ರವ್ವ, ಇದರಾಗ ಹೊಸಾದು ಯಾವುದು?"

ಹೆಣ್ಣುಮಕ್ಕಳು ಒಬ್ಬರಾದ ಮೇಲೊಬ್ಬರು ಬಗ್ಗಿ ನೋಡಿದರು. ಗುಸುಗುಸು ಚರ್ಚೆ ಮಾಡಿದರು. ಕೊನೆಗೆ ಹಿರಿಯಳೊಬ್ಬಳು ಮುಂದೆ ಬಂದು, ಕ್ಯಾಪಿನ ಪಕ್ಕದ, ಮಾಸ್ಟರ ಸ್ವಂತ ಹಲ್ಲಿಗೆ ಬೆರಳಿಟ್ಟು ತೀರ್ಪು ಕೊಟ್ಟಳು.

"ಇದು ನೋಡ್ರಿ ನಕಲಿ. ಡಾಕ್ಟ್ರಮ್ಮ, ಏನ ಅನ್ರಿ, ಇದು ಅಷ್ಟು ಚಲೋ ಬಂದಿಲ್ಲ."

ಹೊಸ ಅಕ್ಕಿ, ಹಳೇ ಅಕ್ಕಿ

ಮಾಸ್ಟರ ಹಲ್ಲಿನ ಸುದ್ದಿ ಕಣೇಕಲ್ಲಿನವರೆಗೂ ಹೋಯಿತು. ಅಲ್ಲಿಂದ ಕಾಲುವೆ ನೀರಿನ ಭತ್ತದ ಗದ್ದೆಯವರೊಬ್ಬರ ಹೆಂಡತಿ ಆಟೋ ಮಾಡಿಕೊಂಡು ಬಂದರು. ಮುಂದಿನ ನಾಲ್ಕು ಹಲ್ಲಿಗೂ ಕ್ಯಾಪ್ ಬೇಕು. ಯಂತ್ರ ಹಿಡಿಯಲು ಹೋದರೆ ಕೈ ಅಡ್ಡ ತಂದರು. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಅಕ್ಕಿ ತೆಗೆದು ನನ್ನ ಟೇಬಲ್ಲಿನ ಮೇಲೆ ಸುರಿದರು.

"ನನ್ನ ಹಲ್ಲಿನ ಬಣ್ಣ ಬ್ಯಾಡ್ರಿ. ಈ ಬಣ್ಣ ಬೇಕು. ನಮ್ಮ ಗದ್ದಿದೇ ಅಕ್ಕಿ."

ಅಕ್ಕ ಉತ್ಸಾಹದಿಂದ ಒಂದು ಅಕ್ಕಿಕಾಳು ಹಿಡಿದು ಯಂತ್ರ ತಾಗಿಸಿದರು. ಯಂತ್ರ ಅಡ್ಡಗೆರೆ ಎಳೆಯಿತು. ಎಂಟು ಹತ್ತು ಕಾಳು ಒತ್ತಾಗಿ ಜೋಡಿಸಿ ನೋಡಿದರು. ಆಗಲೂ ಅಡ್ಡಗೆರೆ. ಆ ತಾಯಿ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. "ಕಂಪ್ಯೂಟರ್‌ಗೆ ಅಕ್ಕಿ ಗೊತ್ತಾಗಂಗಿಲ್ಲ ಅಂದ್ರ ಅದೆಂಥ ಕಂಪ್ಯೂಟರ್ ರೀ?"

ಬೇರೆ ದಾರಿ ಕಾಣದೆ ಲ್ಯಾಬಿಗೆ ಫೋನ್ ಹಚ್ಚಿ, "ಅಕ್ಕಿ ಬಣ್ಣ ಬೇಕಂತೆ, ಅಂದಾಜಿನಲ್ಲಿ ಹೇಳಿ, ಯಾವ ನಂಬರ್ ಹಾಕೋಣ?" ಎಂದು ಕೇಳಿದೆ. ಟೆಕ್ನಿಷಿಯನ್ ನಗುತ್ತಾರೆ ಎಂದುಕೊಂಡಿದ್ದೆ. ಅವರು ಗಂಭೀರವಾಗಿ ಯೋಚಿಸಿ ಕೇಳಿದರು:

"ಹೊಸ ಅಕ್ಕಿನೋ, ಹಳೇ ಅಕ್ಕಿನೋ ರೀ?"

ಕಂದು ಗೆರೆ

ಇದು ಮಡಕಶಿರಾದಲ್ಲಿ ನಡೆದದ್ದು. ವಾರದ ಕೊನೆಗೆ ಯಂತ್ರ, ಕಂಪ್ಯೂಟರು ಎರಡನ್ನೂ ನಾನು ಅಲ್ಲಿಗೆ ಹೊತ್ತೊಯ್ಯುತ್ತಿದ್ದೆ.

ಒಂದು ಶನಿವಾರ ಹತ್ತಿರದ ಹಳ್ಳಿಯಿಂದ ಒಬ್ಬ ಯಜಮಾನರು ಬಾಯಿಗೆ ಟವೆಲ್ ಒತ್ತಿ ಹಿಡಿದು ಬಂದರು. ಕಡಲೆಕಾಯಿ, ರಾಗಿ, ಒಂದಿಷ್ಟು ಹಿಪ್ಪುನೇರಳೆ ಬೆಳೆಯುವ ರೈತರು. ಹೊಸದಾಗಿ ತಂದ ಸೀಮೆಹಸುವಿಗೆ ಮೂಗುದಾರ ಬಿಗಿಯಲು ಹೋದಾಗ ಅದು ತಲೆ ಎತ್ತಿ ಗುದ್ದಿದೆ. ಮುಂದಿನ ಹಲ್ಲು ಅರ್ಧಕ್ಕೆ ಮುರಿದಿತ್ತು. ಬೇರು ಮಾತ್ರ ಗಟ್ಟಿಯಾಗಿತ್ತು.

"ಹಲ್ಲು ಹೋಗಿದ್ದಕ್ಕೆ ಬೇಜಾರಿಲ್ಲ ಕಣಮ್ಮ" ಅಂದರು. "ಈ ಹಸ ಬ್ಯಾಡ, ಇದರ ನೋಟನೇ ಸರಿಯಿಲ್ಲ ಅಂತ ನಮ್ಮನೇವ್ಳು ಬಡ್ಕಂಡ್ಲು. ನಾನು ಕೇಳ್ದೆ ಹೊಡ್ಕಂಡ್ ಬಂದೆ. ಈಗ ಅವಳ್ಗೆ ಗೊತ್ತಾದ್ರೆ ನಾನು ಸಾಯೋಗಂಟ ಇದನ್ನೇ ಹೇಳ್ತಾಳೆ."

ಅವರ ಹೆಂಡತಿ ಊರಲ್ಲಿರಲಿಲ್ಲ. ಬೆಂಗಳೂರಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ಮಗಳ ಬಾಣಂತನಕ್ಕೆ ಹೋಗಿದ್ದರು. ಬರಲು ಇನ್ನು ಮೂರು ವಾರ. ಅಷ್ಟರೊಳಗೆ ಹಲ್ಲು ಮೊದಲಿದ್ದ ಹಾಗೇ ಆಗಬೇಕು.

ಮೊದಲಿದ್ದ ಹಾಗೆ ಅಂದರೆ ಸುಲಭವಲ್ಲ. ನಮ್ಮ ಕಡೆಯ ಬೋರಿನ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆ, ಬಿಳಿ ಚುಕ್ಕೆ ಇರುತ್ತವೆ. ಇವರಿಗೆ ಹಲ್ಲಿನ ನಡುವೆ ಅಡ್ಡಲಾಗಿ ಚೆನ್ನಾದ ಒಂದು ಕಂದು ಗೆರೆ ಇತ್ತು.

"ಯಜಮಾನ್ರೇ, ಹೊಸ ಹಲ್ಲಿಗೆ ಈ ಕಲೆ ಯಾಕೆ? ಬೆಳ್ಳಗೆ ಮಾಡ್ಕೊಡ್ತೀನಿ" ಅಂದೆ.

"ಅಯ್ಯೋ ಬ್ಯಾಡ ತಾಯಿ! ಮದ್ವೆ ಆದಾಗಿಂದ ಆ ಗೆರೆ ನೋಡ್ತಾವ್ಳೆ. ಬೆಳ್ಳಗಾದ್ರೆ ಬಾಗ್ಲಲ್ಲೇ ಹಿಡೀತಾಳೆ."

ಮುರಿದ ಹಲ್ಲಿನ ಜೋಡಿ ಹಲ್ಲಿಗೆ ಯಂತ್ರ ಹಿಡಿದೆ. ಮೇಲೆ ಒಂದು ಬಣ್ಣ, ತುದಿಗೆ ಇನ್ನೊಂದು, ಕಂದು ಗೆರೆಯ ಮೇಲೆ ಇಟ್ಟರೆ ಯಂತ್ರದ್ದು ಮತ್ತೆ ಅಡ್ಡಗೆರೆ. ಕಂಪ್ಯೂಟರಿನಲ್ಲಿ ಇನ್ನೊಂದು ಉಪಾಯವಿತ್ತು: ಹಲ್ಲಿನ ಫೋಟೋವನ್ನು ಸಣ್ಣ ಸಣ್ಣ ಚೌಕ ಮಾಡಿ, ಚೌಕಕ್ಕೊಂದು ಬಣ್ಣ ಗುರುತು ಮಾಡಿ ಪರದೆ ತುಂಬ ತೋರಿಸುತ್ತದೆ. ಹಾಗೆ ಮಾಡಿದೆ. ಯಜಮಾನರು ಕುರ್ಚಿಯಿಂದ ಬಗ್ಗಿ ನೋಡಿದರು.

"ಇದು ಯಾರ ಜಮೀನಮ್ಮ?"

"ಜಮೀನಲ್ಲ, ನಿಮ್ಮ ಹಲ್ಲೇ."

ಅವರು ಎದ್ದು ಪರದೆಯ ಹತ್ತಿರ ಬಂದು ಬೆರಳಾಡಿಸಿದರು. "ಹಂಗಾದ್ರೆ ಇದು ಕೆಮ್ಮಣ್ಣು, ಇದು ಎರೆ, ಇಲ್ಲಿ ಸುಣ್ಣಗಲ್ಲು. ಎಲ್ಲಾ ಸರಿ ಐತೆ. ಆದ್ರೆ ಮುರಿದೋದ ಹಲ್ಲಲ್ಲಿ ಈ ಬದು ಇನ್ನೊಂದ್ ಚೂರು ಮ್ಯಾಲಕ್ಕಿತ್ತು."

ಮುರಿದ ಚೂರನ್ನು ಅವರು ಬೆಂಕಿಪೊಟ್ಟಣದಲ್ಲಿ ಹಾಕಿ ತಂದಿದ್ದರು. ತೆಗೆದು ನೋಡಿದರೆ ಅವರು ಹೇಳಿದ್ದೇ ಸರಿ, ಗೆರೆ ಕೂದಲೆಳೆಯಷ್ಟು ಮೇಲಿತ್ತು. ನಕ್ಷೆ ತಿದ್ದಿದೆ.

ಲ್ಯಾಬಿನವರು ಒಪ್ಪಲಿಲ್ಲ. "ಮೇಡಮ್ಮಾರೆ, ಕಲೆ ತೆಗೀರಿ ಅನ್ನೋರನ್ನ ಕಂಡೀನಿ, ಕಲೆ ಹಾಕ್ರಿ ಅನ್ನೋರನ್ನ ಕಂಡಿಲ್ಲ. ನಮ್ಮ ಮಾಲಕ್ರು ನೋಡಿದ್ರ ನನಗ ಕೆಲಸ ಬರಂಗಿಲ್ಲ ಅಂತ ಮನೀಗೆ ಕಳಸ್ತಾರ."

ನಾನು ಬಿಡಲಿಲ್ಲ. ಮೊದಲ ಕ್ಯಾಪ್ ಬಂತು: ಗೆರೆ ಸ್ಕೇಲ್ ಇಟ್ಟು ಎಳೆದ ಹಾಗಿತ್ತು. ವಾಪಸ್ ಕಳಿಸಿದೆ. ಎರಡನೆಯದು ಬಂತು: ಬಣ್ಣ ಸರಿ, ಗೆರೆ ಸರಿ, ಆದರೆ ಎಡಕ್ಕಿರಬೇಕಾದ ಚುಕ್ಕೆ ಬಲಕ್ಕಿತ್ತು. ಫೋಟೋವನ್ನು ತಿರುಗಾಮುರುಗಾ ಕಳಿಸಿದ್ದು ನನ್ನದೇ ತಪ್ಪು. ಅದೂ ವಾಪಸ್. ಪ್ರತಿ ಶನಿವಾರ ಯಜಮಾನರು ಬಂದು, ಬಾಯಿ ತೆರೆದು, ನೋಡಿ, "ಇದಲ್ಲ ಕಣಮ್ಮ" ಎಂದು ತಲೆಯಾಡಿಸಿ ಹೋಗುತ್ತಿದ್ದರು. ಮೂರನೆಯ ಸಲ ಟೆಕ್ನಿಷಿಯನ್ ಬೈದುಕೊಂಡೇ ಗೆರೆ ಬರೆದರು.

ಹೆಂಡತಿ ಬಸ್ಸಿಳಿಯುವ ಹಿಂದಿನ ದಿನ ಆ ಕ್ಯಾಪ್ ಕೂರಿಸಿದೆ. ಯಜಮಾನರು ಕನ್ನಡಿಯನ್ನು ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ನೋಡಿಕೊಂಡರು. ತುಟಿ ಎತ್ತಿ ನೋಡಿದರು, ನಕ್ಕು ನೋಡಿದರು. ಆಮೇಲೆ ಮೆಲ್ಲಗೆ, "ಹ್ಞೂಂ. ಇದು ನಾನೇ" ಅಂದರು. ಅಷ್ಟು ದಿನ ಮಾಡಿದ ಕೆಲಸದಲ್ಲಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಮುಂದಿನ ಶನಿವಾರ ಬಾಗಿಲಲ್ಲಿ ಒಬ್ಬ ಹೆಂಗಸು. ಬಾಯಿಗೆ ಸೆರಗು ಅಡ್ಡ ಹಿಡಿದಿದ್ದರು. "ನಮ್ಮನೇರು ಇಲ್ಲಿಗೆ ಬಂದಿದ್ರಲ್ವ, ಹಸ ಗುದ್ದಿಸ್ಕಂಡು?" ಎಂದರು.

ನಾನು ರಿಜಿಸ್ಟರ್ ಮುಚ್ಚಿದೆ. "ಯಾರಮ್ಮ? ಇಲ್ಲಿಗೆ ದಿನಾ ಎಷ್ಟೋ ಜನ ಬರ್ತಾರೆ."

"ಮುಚ್ಚಿಡಬ್ಯಾಡ ಕಣವ್ವ. ಹಸ ಗುದ್ದಿದ ಅರ್ಧ ಗಂಟೆಗೆ ಪಕ್ಕದ್ಮನೆಯವ್ಳು ನನಗೆ ಫೋನ್ ಹಾಕಿದ್ಲು. ಊರಿಗ್ ಬರ್ತಾ ಬಸ್ನಲ್ಲೇ ಏನೇನ್ ಅನ್ಬೇಕು ಅಂತ ಎಲ್ಲಾ ಜೋಡಿಸ್ಕಂಡ್ ಬಂದೆ. ಬಂದ್ ನೋಡಿದ್ರೆ ಹಲ್ಲೆಲ್ಲಾ ಇದ್ದಂಗೇ ಅವೆ! ನಿನ್ನೆ ಮಧ್ಯಾಹ್ನ ಬಾಯ್ ಬಿಟ್ಕಂಡು ಗೊರಕೆ ಹೊಡೆಯೋವಾಗ ಬ್ಯಾಟ್ರಿ ಬಿಟ್ಟು ಒಂದೊಂದೇ ನೋಡ್ದೆ. ಯಾವ್ದು ಅಂತ ಗೊತ್ತಾಗ್ಲಿಲ್ಲ. ಯಾವ್ ಹಲ್ಲು ಅಂತ ಗೊತ್ತಿಲ್ದೆ ಎಂಗವ್ವ ಜಗಳ ತೆಗೆಯೋದು?"

ಹೆಮ್ಮೆಯಿಂದ ನಗು ಬಂದರೂ ತಡೆದುಕೊಂಡೆ. "ಒಬ್ಬರ ಹಲ್ಲಿನ ವಿಷಯ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲಮ್ಮ."

"ಅಂಗಾ? ಯಾರ್ಗೂ ಹೇಳಲ್ವಾ?" ಅವರ ಮುಖ ಒಮ್ಮೆಲೇ ಅರಳಿತು. ತಿರುಗಿ ಬಾಗಿಲ ಕಡೆ ನೋಡಿದರು. ಬಂದು ಕುರ್ಚಿಯಲ್ಲಿ ಕೂತರು. ಸೆರಗು ಇಳಿಸಿದರು. ಅವರ ಮುಂದಿನ ಹಲ್ಲು ಅರ್ಧಕ್ಕೆ ಮುರಿದಿತ್ತು!

"ಬೆಂಗ್ಳೂರಲ್ಲಿ ಬಾಣಂತಿಗೆ ಅಂತ ನಾನೇ ಕಟ್ಟಿದ ಅಂಟಿನುಂಡೆ ಕಚ್ಚಿ ಮುರ್ಕಂಡೆ ಕಣವ್ವ. ನಿನ್ ಪಾಕ ಕಲ್ಲು, ನಿನ್ ಪಾಕ ಕಲ್ಲು ಅಂತ ನಮ್ಮನೇರು ಮೊದ್ಲಿಂದ ಆಡ್ಕಂತಾರೆ. ಇದು ಗೊತ್ತಾದ್ರೆ ಊರೆಲ್ಲಾ ಸಾರ್ತಾರೆ. ಅವರ್ಗೆ ಮಾಡಿದಂಗೇ ನನಗೂ ಮಾಡ್ಕೊಡು, ಗೆರೆ ಸಮೇತ."

"ಅಲ್ಲಮ್ಮ, ನೀವು ಬಂದು ವಾರ ಆಯ್ತು. ಒಂದೇ ಮನೇಲಿದ್ದೀರಿ. ಇದನ್ನ ಅವರು ಇನ್ನೂ ನೋಡೇ ಇಲ್ವಾ?"

"ಅವ್ರೆಲ್ಲಿ ನನ್ ಮುಖ ನೋಡ್ತಾರೆ? ನಾನೆಲ್ಲಿ ಅವರ ಬಾಯಿ ನೋಡ್ಬಿಡ್ತೀನೋ ಅಂತ, ನಾನು ಬಂದ ದಿನದಿಂದ ಗೋಡೆ ಕಡೀಕೆ ತಿರುಕ್ಕಂಡೇ ಮಾತಾಡ್ತಾವ್ರೆ!"